ಬಿಳಿಕಣಗಳ ಎಣಿಕೆ ಜಾತಕವಲ್ಲ

ಈಚಿನ ವರ್ಷಗಳಲ್ಲಿ ನನ್ನ ಮೊಬೈಲಿಗೆ ಹಬ್ಬದ ಶುಭಾಶಯಗಳಿಗಿಂತ ರಕ್ತಪರೀಕ್ಷೆಯ ವರದಿಗಳೇ ಹೆಚ್ಚಾಗಿ ಬರುತ್ತವೆ. ಹಳೆಯ ಶಿಷ್ಯರಿಗೂ ಸೋದರಳಿಯಂದಿರಿಗೂ ನಾನಿನ್ನೂ ವಿಜ್ಞಾನದ ಮೇಷ್ಟ್ರು. ಹೃದಯ ವೈಫಲ್ಯದಿಂದ ಬಳಲುವ ತಂದೆಯ ವರದಿಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆಗೆ ಗೆರೆ ಎಳೆದು, "ಸರ್, ಇದು ಹೆಚ್ಚಿದ್ದರೆ ಬಹಳ ದಿನ ಉಳಿಯುವುದಿಲ್ಲವಂತೆ, ನಿಜವೇ?" ಎಂದು ಕೇಳುವವರಿದ್ದಾರೆ. ಈ "ಅಂತೆ"ಯ ಮೇಲೆ ನನಗೆ ಕೋಪವಿದೆ.

ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಬಿಳಿಕಣಗಳಿರುತ್ತವೆ. ಈ ಎಣಿಕೆ ಏರಿದವರಲ್ಲಿ ಹೃದಯಾಘಾತ ಹೆಚ್ಚೆಂಬುದನ್ನು ಅಮೆರಿಕದ ಸಂಶೋಧಕರು 1974ರಲ್ಲೇ ಪ್ರಕಟಿಸಿದ್ದರು. ಹೃದಯ ವೈಫಲ್ಯದಲ್ಲಿ ಒಟ್ಟು ಎಣಿಕೆಯ ಜೊತೆಗೆ ಅದರ ಒಳವಿಂಗಡಣೆಯೂ, ಅಂದರೆ ವರದಿಯ ಡಿ.ಸಿ. ಭಾಗವೂ, ಮುಖ್ಯ. ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದ ರೋಗಿಗಳ ಗುಂಪಿನಲ್ಲಿ ಸಾವು ಹೆಚ್ಚು. ಹೃದಯ ದಣಿದಾಗ ಶರೀರದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಲಿಂಫೋಸೈಟ್‌ಗಳನ್ನು ತಗ್ಗಿಸುವುದು ಇದಕ್ಕೊಂದು ಕಾರಣ. 2006ರ ಸಿಯಾಟಲ್ ಹೃದಯ ವೈಫಲ್ಯ ಮಾದರಿಯು ಲಿಂಫೋಸೈಟ್‌ನ ಶೇಕಡಾ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಅದರೊಡನೆ ವಯಸ್ಸು, ರಕ್ತದೊತ್ತಡ, ಹೃದಯದ ಪಂಪುಶಕ್ತಿ, ಹಿಮೋಗ್ಲೋಬಿನ್, ಸೋಡಿಯಂ, ಯೂರಿಕ್ ಆಮ್ಲ, ಸೇವಿಸುತ್ತಿರುವ ಔಷಧಿಗಳು ಇವೆಲ್ಲವನ್ನೂ ಕೇಳುತ್ತದೆ. ಅಷ್ಟು ಕೇಳಿಯೂ ಅದು ಹೇಳುವುದು ಗುಂಪಿನ ಸಂಭವನೀಯತೆಯನ್ನೇ. ತರಗತಿಯ ಸರಾಸರಿ 60 ಎಂದಮಾತ್ರಕ್ಕೆ ಹಿಂದಿನ ಬೆಂಚಿನ ಹುಡುಗನ ಅಂಕ ತಿಳಿಯಿತೇ?

ನಮ್ಮ ಬಂಧುಗಳ ಮನೆಯೊಂದರಲ್ಲಿ ಎಣಿಕೆ 12,400 ಎಂದು ಕಂಡೊಡನೆ ಔಷಧಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಐದು ದಿನ ನುಂಗಿಸಿದರು. ಜ್ವರವಿರಲಿಲ್ಲ, ಕಫವಿರಲಿಲ್ಲ. ಆ ಹಿರಿಯರು ಉಬ್ಬಸಕ್ಕೆಂದು ಸ್ಟೀರಾಯ್ಡ್ ಮಾತ್ರೆ ಸೇವಿಸುತ್ತಿದ್ದರು; ಅದೂ ಬಿಳಿಕಣಗಳನ್ನು ಏರಿಸುತ್ತದೆ, ಧೂಮಪಾನವೂ ಏರಿಸುತ್ತದೆ. ನಿಜವಾದ ಸೋಂಕಿದ್ದರೆ ಅದು ದುರ್ಬಲ ಹೃದಯಕ್ಕೆ ಅಪಾಯವೇ ಸರಿ, ಆದರೆ ಅದನ್ನು ನಿರ್ಣಯಿಸಬೇಕಾದವರು ವೈದ್ಯರು.

ಮುನ್ಸೂಚಕವನ್ನೇ ರೋಗಕಾರಣವೆಂದು ಭಾವಿಸಿದರೆ ಏನಾಗುತ್ತದೆಂಬುದನ್ನು ದೊಡ್ಡ ವಿದ್ವಾಂಸರೂ ಕಂಡಿದ್ದಾರೆ. ತೀವ್ರ ಹೃದಯ ವೈಫಲ್ಯದವರ ರಕ್ತದಲ್ಲಿ ಟಿ.ಎನ್.ಎಫ್. ಎಂಬ ಉರಿಯೂತದ ವಸ್ತು ಹೆಚ್ಚಿರುವುದು 1990ರಲ್ಲಿ ವರದಿಯಾಯಿತು. ಅದನ್ನು ಅಡಗಿಸಿದರೆ ಹೃದಯ ಚೇತರಿಸೀತೆಂಬ ತರ್ಕ ಎಷ್ಟು ಸೊಗಸಾಗಿತ್ತು! ಎಟನರ್‌ಸೆಪ್ಟ್ ಔಷಧಿಯ ಪ್ರಯೋಗಗಳನ್ನು ಪ್ರಯೋಜನ ಕಾಣದೆ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. 2003ರಲ್ಲಿ ಪ್ರಕಟವಾದ ಇನ್‌ಫ್ಲಿಕ್ಸಿಮ್ಯಾಬ್ ಪ್ರಯೋಗದಲ್ಲಂತೂ ಹೆಚ್ಚಿನ ಪ್ರಮಾಣ ಪಡೆದವರ ಸ್ಥಿತಿ ಹದಗೆಟ್ಟಿತು. ಹೊಗೆಯನ್ನು ಬೀಸಿ ಓಡಿಸಿದರೆ ಬೆಂಕಿ ಆರುವುದಿಲ್ಲ.

ಪಂಪುಶಕ್ತಿ ಕುಂದಿದವರ ಆಯುಸ್ಸನ್ನು ಹೆಚ್ಚಿಸುವ ಔಷಧಿಗಳು ಇಂದು ಇವೆ: ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್, 2019ರ ಪ್ರಯೋಗದಲ್ಲಿ ಗೆದ್ದ ಡಾಪಾಗ್ಲಿಫ್ಲೋಜಿನ್. ಇವಾವುದನ್ನೂ ಬಿಳಿಕಣಗಳ ಎಣಿಕೆ ಇಳಿಸಲೆಂದು ಕೊಡುವುದಿಲ್ಲ. ಎಣಿಕೆ ಏರಿದೆ, ಇನ್ನು ಮಾಡಿ ಫಲವೇನು ಎಂದು ಇವನ್ನು ನಿಲ್ಲಿಸುವ ಮನೆಗಳಿವೆ! "ಟಿ.ಸಿ. ಎಷ್ಟು ಬಂತು?" ಎಂದು ದೂರದೂರಿನಿಂದ ಕೇಳುವ ಮಕ್ಕಳು, ಬೆಳಗಿನ ಮಾತ್ರೆ ತೆಗೆದುಕೊಂಡಿರಾ, ಕಾಲು ಊದಿದೆಯೇ, ಎರಡು ದಿನಗಳಲ್ಲಿ ತೂಕ ಏರಿದೆಯೇ ಎಂದು ಕೇಳುವುದಿಲ್ಲ.