ಅನ್ನದ ಮನೆಯ ಅಕ್ಷರ ದಾಸೋಹಿ



ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಎಂಟನೆಯ ಮಹಾದಾಸೋಹ ಪೀಠಾಧಿಪತಿ ಪೂಜ್ಯ ಡಾ. ಶರಣಬಸವಪ್ಪ ಅಪ್ಪನವರು 2025ರ ಆಗಸ್ಟ್ 14ರಂದು ರಾತ್ರಿ ಲಿಂಗೈಕ್ಯರಾದರು. 1935ರ ನವೆಂಬರ್ 14ರಂದು ಜನಿಸಿದ ಅವರಿಗೆ ತೊಂಬತ್ತು ತುಂಬಲು ಮೂರೇ ತಿಂಗಳು ಉಳಿದಿದ್ದವು. ಅದು ಶ್ರಾವಣ ಮಾಸ. ಸಂಸ್ಥಾನದಲ್ಲಿ ಶಿವಾನುಭವದ ಉಪನ್ಯಾಸಗಳನ್ನು ಕೇಳಲು ಭಕ್ತರು ಸೇರುವ ಕಾಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ಸೀಮೆಯಲ್ಲಿ ಈ ವಾರ್ತೆ ಮನೆಯ ಹಿರಿಯರೊಬ್ಬರು ಹೋದರೆಂಬಂತೆ ಹಬ್ಬಿತು. ನಮ್ಮ ಕುರಕುಂಟಾದಲ್ಲಿಯೂ ಅಂದು ಹಲವರ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಈ ಭಾಗದ ಒಕ್ಕಲು ಮನೆತನಗಳಿಗೆ ‘ಅಪ್ಪನ ಗುಡಿ’ ಹೊಸದಲ್ಲ. ಅರಳಗುಂಡಗಿಯಲ್ಲಿ ಹುಟ್ಟಿ, ಬೇಸಾಯವನ್ನೇ ಕಾಯಕವಾಗಿಸಿಕೊಂಡು, ಬೆಳೆದುದನ್ನು ಹಸಿದವರಿಗೆ ನೀಡಿ 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಮಹಾದಾಸೋಹಿ ಶರಣಬಸವೇಶ್ವರರ ಗದ್ದುಗೆ ಅಲ್ಲಿದೆ. ಹೋಳಿ ಹುಣ್ಣಿಮೆಯ ಬಳಿಕ ನಡೆಯುವ ರಥೋತ್ಸವದಲ್ಲಿ ಪೀಠಾಧಿಪತಿಗಳು ಪರುಷ ಬಟ್ಟಲನ್ನು ಎತ್ತಿ ತೋರಿಸುವ ಕ್ಷಣಕ್ಕಾಗಿ ಜನಸಾಗರವೇ ಕಾದು ನಿಂತಿರುತ್ತದೆ. ಬಾಳೆಹಣ್ಣು, ಉತ್ತತ್ತಿಗಳನ್ನು ತೇರಿಗೆ ಎಸೆದು ಕೃತಾರ್ಥರಾಗುವವರಲ್ಲಿ ನಮ್ಮೂರವರೂ ಇದ್ದಾರೆ.

ಆದರೆ ಅಪ್ಪನವರನ್ನು ಪೀಠದ ಮೇಲಿನ ಪೂಜ್ಯರೆಂದಷ್ಟೇ ನೆನೆದರೆ ಅರ್ಧ ಮಾತು ಉಳಿದುಹೋಗುತ್ತದೆ. ಅವರು ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಅಧ್ಯಕ್ಷರಾಗಿದ್ದರು. 2017ರಲ್ಲಿ ಆರಂಭವಾದ ಶರಣಬಸವ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿಗಳಾಗಿದ್ದರು.

ಈ ವಿದ್ಯಾದಾಸೋಹದ ಬೀಜ ಬಿದ್ದದ್ದು ಅವರ ತಂದೆಯವರಾದ ಏಳನೆಯ ಪೀಠಾಧಿಪತಿ ಪೂಜ್ಯ ದೊಡ್ಡಪ್ಪ ಅಪ್ಪನವರ ಕಾಲದಲ್ಲಿ. ಆಗ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕನ್ನಡದ ಮನೆಯ ಗಂಡುಮಗುವಿಗೇ ತಾಯ್ನುಡಿಯ ಅಕ್ಷರ ಕಷ್ಟಸಾಧ್ಯವಾಗಿದ್ದಾಗ ಹೆಣ್ಣುಮಗುವಿನ ಮಾತೆಲ್ಲಿ? ಅಂಥ 1930ರ ದಶಕದಲ್ಲಿ ದೊಡ್ಡಪ್ಪ ಅಪ್ಪನವರು ಕಲಬುರಗಿಯಲ್ಲಿ ಬಾಲಕಿಯರಿಗಾಗಿ ಶಾಲೆಯನ್ನು ತೆರೆದರು. ಅದಕ್ಕೆ ಅಕ್ಕ ಮಹಾದೇವಿಯ ಹೆಸರನ್ನಿಟ್ಟರು. ಸಾವಿರಾರು ಜನರಿಗೆ ಅನ್ನ ನೀಡುವ ಮನೆಯೊಂದು ಹೆಣ್ಣುಮಕ್ಕಳ ಕೈಗೆ ಸ್ಲೇಟು ಕೊಟ್ಟದ್ದು ಸಣ್ಣ ಸಂಗತಿಯಾಗಿರಲಿಲ್ಲ.

1983ರಲ್ಲಿ ಪೀಠವನ್ನೇರಿದ ಶರಣಬಸವಪ್ಪ ಅಪ್ಪನವರು ಈ ದಾರಿಯನ್ನು ಬಿಡಲಿಲ್ಲ. ಅವರ ಮಾತೃಶ್ರೀ ಗೋದುತಾಯಿಯವರ ಹೆಸರಿನ ಮಹಿಳಾ ಮಹಾವಿದ್ಯಾಲಯ ಅವರ ಆಶ್ರಯದಲ್ಲಿ ಬೆಳೆಯಿತು. ಮುಂದೆ ಅದೇ ಹೆಸರಿನಲ್ಲಿ ಮಹಿಳೆಯರಿಗೆ ಮಾತ್ರವೇ ಮೀಸಲಾದ ಇಂಜಿನಿಯರಿಂಗ್ ಕಾಲೇಜೂ ಬಂದಿತು. ಇದರ ಬೆಲೆಯನ್ನು ನಗರವಾಸಿಗಳು ಬೇಗ ಗ್ರಹಿಸಲಾರರು. ‘ಹುಡುಗರೊಡನೆ ಕೂತು ಕಲಿಯುವುದೆ? ಪಿ.ಯು.ಸಿ. ಆಯಿತಲ್ಲ, ಸಾಕು’ ಎಂದು ವರ ನೋಡಲು ಹೊರಟ ತಂದೆಯರು ನಮ್ಮಲ್ಲಿ ಕಡಿಮೆಯಿಲ್ಲ. ನಾನೂ ಒಂದು ಕಾಲಕ್ಕೆ ಹಾಗೆಯೇ ಎಣಿಸಿದವನು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಹೆಣ್ಣುಮಕ್ಕಳದೇ ಕಾಲೇಜು, ಅದೂ ಅಪ್ಪನ ಮನೆಯದು ಎಂದಾಗ ಅಂಥ ತಂದೆಯ ಬಾಯಿಯಿಂದ ‘ಆಗಲಿ’ ಎಂಬ ಮಾತು ಹೊರಡುತ್ತದೆ. ಪೀಠದ ಮೇಲಿನ ನಂಬುಗೆಯನ್ನು ಅಪ್ಪನವರು ಕಾಣಿಕೆಯಾಗಿ ಮಾತ್ರ ಸ್ವೀಕರಿಸದೆ ಹೆಣ್ಣುಮಕ್ಕಳ ಓದಿಗೆ ಹೊಣೆಯಾಗಿ ನಿಲ್ಲಿಸಿದರೆಂದು ನಾನು ತಿಳಿದಿದ್ದೇನೆ.

ಒಂದು ಮಾತನ್ನು ಭಕ್ತಿಯ ಭರದಲ್ಲಿ ಮರೆಮಾಚಬಾರದು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಯಾರೂ ಏನನ್ನೂ ಕೇಳುವುದಿಲ್ಲ; ಕಾಲೇಜಿನ ಬಾಗಿಲಲ್ಲಿ ಅಂಕ ಕೇಳುತ್ತಾರೆ, ಶುಲ್ಕ ಕೇಳುತ್ತಾರೆ. ವಿದ್ಯೆಯ ದಾಸೋಹ ಅನ್ನದ ದಾಸೋಹದಷ್ಟು ಮುಕ್ತವಾಗುವುದು ಹೇಗೆ? ಇದು ನಾಡಿನ ಎಲ್ಲ ಮಠಗಳ ವಿದ್ಯಾಸಂಸ್ಥೆಗಳ ಮುಂದಿರುವ ಪ್ರಶ್ನೆ. ನಮ್ಮೂರಿನ ಮಟ್ಟಿಗಂತೂ ಇದು ಬಾಯಿಮಾತಲ್ಲ. ಇಲ್ಲಿಯ ಸರ್ಕಾರಿ ಸಿಮೆಂಟ್ ಕಾರ್ಖಾನೆ ನಿಂತುಹೋಗಿ ಎಷ್ಟೋ ವರ್ಷಗಳಾದವು. ತೊಗರಿ ಕೈಕೊಟ್ಟ ವರ್ಷ ಮಗಳ ಶುಲ್ಕ ಕಟ್ಟುವುದು ಸುಲಭವಲ್ಲ. ಅಪ್ಪನವರ ಹೆಸರಿನಲ್ಲಿ ಊರೂರಿನ ಭಕ್ತರು ಪುಣ್ಯಸ್ಮರಣೆ ಮಾಡುವುದಾದರೆ, ಪೆಂಡಾಲಿಗೆ ತಗಲುವ ಹಣದಲ್ಲಿ ಅರ್ಧವನ್ನು ತಮ್ಮೂರಿನ ಒಂದು ಬಡ ಹೆಣ್ಣುಮಗುವಿನ ಶುಲ್ಕಕ್ಕೆ ಕೊಡಬಹುದಲ್ಲವೆ?

ಈಗ ಪೀಠಕ್ಕೆ ಒಂಬತ್ತನೆಯವರಾಗಿ ಅಪ್ಪನವರ ಸುಪುತ್ರ, 2017ರಲ್ಲಿ ಜನಿಸಿದ ಚಿರಂಜೀವಿ ದೊಡ್ಡಪ್ಪ ಅಪ್ಪನವರು ಬಂದಿದ್ದಾರೆ. ವಿದ್ಯಾವರ್ಧಕ ಸಂಘದ ಹೊಣೆಯಲ್ಲಿ ಮಾತೋಶ್ರೀ ಡಾ. ದಾಕ್ಷಾಯಣಿ ಅವ್ವನವರಿದ್ದಾರೆ.

ನಮ್ಮ ಓಣಿಯ ಮುದುಕಿಯೊಬ್ಬರು ಅಕ್ಷರವರಿಯದವರು. ಜಾತ್ರೆಗೆ ಮಾತ್ರ ತಪ್ಪಿಸಿದವರಲ್ಲ. ಕಲಬುರಗಿಯ ನಿಲ್ದಾಣದಲ್ಲಿ ಸೇಡಂ ಬಸ್ಸು ಯಾವುದೆಂದು ಕಂಡವರನ್ನೆಲ್ಲ ಕೇಳಿಯೇ ಊರು ಸೇರುತ್ತಿದ್ದರು. ಈಗ ಮೊಮ್ಮಗಳು ಅಲ್ಲಿಯೇ ಓದುತ್ತಾಳೆ. ಕಳೆದ ಸಲ ತೇರು ಮುಗಿಸಿ ಬಂದವರು, ‘ಈ ಸಲ ಯಾರನ್ನೂ ಕೇಳಲಿಲ್ಲ, ಕೂಸು ಹಲಗಿ ಓದಿ ಹತ್ತಿಸ್ತು’ ಎಂದು ಉಡಿಯೊಳಗಿನ ಉತ್ತತ್ತಿಯನ್ನು ನನ್ನ ಕೈಗಿಟ್ಟರು.