ಗುರಿ ದೊಡ್ಡದಿರಲಿ, ಸಾಲ ದೊಡ್ಡದಾಗದಿರಲಿ

2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದರು. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ದೊರೆತ ಮೊದಲ ಒಲಿಂಪಿಕ್ ಚಿನ್ನ ಅದು. 2012ರಲ್ಲಿ ಲಂಡನಿನಲ್ಲಿ ಗಗನ್ ನಾರಂಗ್ ಅದೇ ಸ್ಪರ್ಧೆಯಲ್ಲಿ ಕಂಚು ಪಡೆದರು. ಅಂದಿನಿಂದ ಈ ಕ್ರೀಡೆ ಹಳ್ಳಿಯ ಮಕ್ಕಳ ಮನಸ್ಸನ್ನೂ ಸೆಳೆದಿದೆ. ಆದರೆ ಹದಿಹರೆಯದ ಮಗನೋ ಮಗಳೋ "ನನಗೊಂದು ರೈಫಲ್ ಬೇಕು" ಎಂದಾಗ ಹೆತ್ತವರಿಗೆ ಕಾಣುವುದು ಎರಡೇ ದಾರಿ: ಗದರಿಸಿ ಸುಮ್ಮನಾಗಿಸುವುದು, ಇಲ್ಲವೇ ಮನೆಯ ಚಿನ್ನ ಅಡವಿಡುವುದು. ಇವೆರಡೂ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸುವ ಏರ್‌ಗನ್ ಬೇರೆ, ಸ್ಪರ್ಧೆಯ ಏರ್ ರೈಫಲ್ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಸ್ಪ್ರಿಂಗಿನ ಸಾಮಾನ್ಯ ಕೋವಿಯಲ್ಲಿ ಪೆಲೆಟ್ ನಳಿಗೆ ಬಿಡುವ ಮೊದಲೇ ಒಳಗಿನ ಪಿಸ್ಟನ್ ಮುನ್ನುಗ್ಗಿ ಕೋವಿಯನ್ನು ಅದುರಿಸುತ್ತದೆ. ಸ್ಪರ್ಧೆಯ ಫಲಕದಲ್ಲಿ ಹತ್ತು ಅಂಕದ ಚುಕ್ಕಿಯ ವ್ಯಾಸವಾದರೋ ಕೇವಲ ಅರ್ಧ ಮಿಲಿಮೀಟರ್. ಆದುದರಿಂದ ಇಂದಿನ ಸ್ಪರ್ಧಿಗಳು ಸಿಲಿಂಡರಿನಲ್ಲಿ ಗಾಳಿ ತುಂಬಿಸಿಡುವ, ಅದುರದ ರೈಫಲನ್ನೇ ಬಳಸುತ್ತಾರೆ. ಹೆಚ್ಚು ಶಕ್ತಿಯ ಕೋವಿ ಒಳ್ಳೆಯದೆಂಬ ಅಂಗಡಿಯ ಮಾತಿಗೆ ಮರುಳಾಗಬಾರದು. 10 ಮೀಟರಿಗೆ ಬೇಕಾದುದು ಶಕ್ತಿಯಲ್ಲ, ನಿಖರತೆ.

ಜರ್ಮನಿಯ ಹೆಸರಾಂತ ಕಂಪೆನಿಗಳ ಉನ್ನತ ದರ್ಜೆಯ ರೈಫಲಿಗೆ ಲಕ್ಷಗಳ ಲೆಕ್ಕದಲ್ಲಿ ಹಣ ಬೇಕು. ಕಲಿಯುವವರಿಗೆ ಅದರ ಅಗತ್ಯವಿಲ್ಲ. ಮೊದಲ ಕೆಲವು ತಿಂಗಳು ತರಬೇತಿ ಕೇಂದ್ರದ ರೈಫಲಿನಲ್ಲೇ ಅಭ್ಯಾಸ ನಡೆಯಲಿ. ಆಸಕ್ತಿ ಉಳಿದರೆ ದೇಶದಲ್ಲೇ ತಯಾರಾದ ಆರಂಭಿಕ ದರ್ಜೆಯದನ್ನೋ, ಹಿರಿಯ ಸ್ಪರ್ಧಿ ಬಳಸಿ ಬಿಟ್ಟುದನ್ನೋ ನೋಡಬಹುದು. ಹಳೆಯದನ್ನು ಕೊಳ್ಳುವವರು ಸಿಲಿಂಡರಿನ ಮೇಲಿನ ತಯಾರಿಕೆಯ ದಿನಾಂಕವನ್ನು ಓದದೆ ಹಣ ಕೊಡಬಾರದು. ಅದಕ್ಕೂ ಬಳಕೆಯ ಅವಧಿಯೆಂಬುದಿದೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಗಾಳಿ ತುಂಬಿಸುವುದೆಲ್ಲಿ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಬೆಳೆಯುವ ವಯಸ್ಸಿನ ಮಕ್ಕಳಿಗೆ ಹೆಗಲಿಗಾನಿಸುವ ಭಾಗವನ್ನು ಹಿಂದೆಮುಂದೆ, ಕೆನ್ನೆಯಿಡುವ ಭಾಗವನ್ನು ಮೇಲೆಕೆಳಗೆ ಸರಿಸಲು ಬರುವ ರೈಫಲೇ ಲೇಸು. ನಿಯಮ 5.5 ಕಿಲೋ ತೂಕದವರೆಗೆ ಅವಕಾಶ ಕೊಡುತ್ತದೆಂದು ಅಷ್ಟೂ ಭಾರವನ್ನು ಹದಿಮೂರರ ಮಗುವಿನ ಬೆನ್ನಿಗೆ ಹೊರಿಸಬೇಕಾಗಿಲ್ಲ. ಇದ್ದ ಹಣವನ್ನೆಲ್ಲ ರೈಫಲಿಗೇ ಸುರಿದರೆ ಜಾಕೆಟ್, ಬೂಟು, ಪೆಲೆಟ್, ಪ್ರಯಾಣದ ಖರ್ಚಿಗೆ ಏನೂ ಉಳಿಯದು. ಗುಂಡಿಲ್ಲದೆ ಮನೆಯ ಗೋಡೆಯ ಚುಕ್ಕಿಗೆ ಗುರಿ ಹಿಡಿದು ನಿಲ್ಲುವ ಅಭ್ಯಾಸಕ್ಕೆ ಮಾತ್ರ ಕಾಸು ಬೇಡ.

4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಏರ್ ರೈಫಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಪರವಾನಗಿ ಬೇಡ. ಹಾಗೆಂದು ಅದು ಆಟಿಕೆಯಲ್ಲ. ಕಣ್ಣೊಂದು ಹೋದರೆ ಯಾವ ಪದಕವೂ ಅದನ್ನು ತಂದುಕೊಡದು. ಬೀಗ ಹಾಕಿಡುವ ಹೊಣೆ ಹಿರಿಯರದು. ರಶೀದಿಯನ್ನೂ ಜೋಪಾನವಾಗಿಡಬೇಕು.

ಇಷ್ಟಾದರೂ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಿಗೆ ಅಗ್ಗದ ರೈಫಲೂ ದುಬಾರಿಯೇ. ವಟ್ಟಿಯೂರ್‌ಕಾವಿನ ಶೂಟಿಂಗ್ ರೇಂಜ್ ಇರುವುದು ರಾಜ್ಯದ ಆ ತುದಿಯ ತಿರುವನಂತಪುರದಲ್ಲಿ. ನಾವಿರುವುದು ಈ ತುದಿಯಲ್ಲಿ. ಹತ್ತು ಮೀಟರ್ ಉದ್ದದ ಭದ್ರವಾದ ಒಂದು ಕೋಣೆ, ಸರದಿಯಲ್ಲಿ ಬಳಸಲು ನಾಲ್ಕು ರೈಫಲ್, ಒಬ್ಬ ತರಬೇತುದಾರ: ಇಷ್ಟನ್ನು ನಮ್ಮ ಜಿಲ್ಲೆಯ ಗಡಿನಾಡ ಶಾಲೆಗಳ ಮಕ್ಕಳಿಗೆ ಒದಗಿಸುವುದು ಸಂಬಂಧಪಟ್ಟವರಿಗೆ ಅಸಾಧ್ಯವೇನಲ್ಲ. ಸ್ಪರ್ಧೆಗಳ ಪ್ರಕಟಣೆ ಮಲಯಾಳದ ಜತೆಗೆ ಕನ್ನಡದಲ್ಲಿಯೂ ಬರಲಿ. ತಿಳಿಯದೆ ಅವಕಾಶ ಕಳೆದುಕೊಂಡ ಮಗು ಗುರಿ ತಪ್ಪಿದ್ದಲ್ಲ. ಅದಕ್ಕೆ ಗುರಿಯನ್ನೇ ತೋರಿಸಲಾಗಿಲ್ಲ.