ಋಣವೆಂಬ ಹೆಸರು, ಕಕ್ಷೆಯೆಂಬ ಚಿತ್ರ

ಶಾಲೆಯ ಕರಿಹಲಗೆಯ ಮೇಲೆ ಮೇಷ್ಟರು ಬರೆದ ಪರಮಾಣುವಿನ ಚಿತ್ರ ನಮ್ಮಲ್ಲಿ ಅನೇಕರಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ: ನಡುವೆ ಕೂಡುವ ಚಿಹ್ನೆಯನ್ನು ಹೊತ್ತ ಒಂದು ದಪ್ಪ ಬೊಟ್ಟು, ಸುತ್ತಲೂ ಒಂದರ ಹೊರಗೊಂದು ವೃತ್ತ, ವೃತ್ತಗಳ ಮೇಲೆ ಕಳೆಯುವ ಚಿಹ್ನೆಯ ಸಣ್ಣ ಚುಕ್ಕೆಗಳು. ಆ ಚುಕ್ಕೆಗಳೇ ಎಲೆಕ್ಟ್ರಾನುಗಳೆಂದೂ, ಅವು ಋಣ ವಿದ್ಯುತ್ತನ್ನು ಹೊತ್ತು ಕಕ್ಷೆಗಳಲ್ಲಿ ಸುತ್ತುತ್ತವೆಂದೂ ಬಾಯಿಪಾಠ ಮಾಡಿದವರು ಅದನ್ನೇ ಕಡೆಯ ಸತ್ಯವೆಂದು ನಂಬಿ ಬಾಳನ್ನು ಸವೆಸುತ್ತಾರೆ. ಈ ಪಾಠದ ಜೀವಾಳವಾದ ‘ಋಣ’, ‘ಕಕ್ಷೆ’ ಎಂಬ ಎರಡು ಮಾತುಗಳನ್ನು ಅವುಗಳ ಚರಿತ್ರೆಯಿಂದ ಬೇರ್ಪಡಿಸಿ ಕಲಿಸುವುದು ಮಕ್ಕಳ ಬುದ್ಧಿಗೆ ನಾವೆಸಗುವ ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಋಣವೆಂದರೆ ನಮ್ಮಲ್ಲಿ ಸಾಲ. ಆದುದರಿಂದ ಎಲೆಕ್ಟ್ರಾನಿನಲ್ಲಿ ಏನೋ ಕೊರತೆಯುಂಟೆಂದು ಹುಡುಗನು ಭಾವಿಸಿದರೆ ತಪ್ಪು ಅವನದಲ್ಲ. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಒಂದು ದ್ರವವೆಂದು ಬಗೆದು, ಅದು ಹೆಚ್ಚಾದ ವಸ್ತುವನ್ನು ಧನವೆಂದೂ ಕಡಮೆಯಾದುದನ್ನು ಋಣವೆಂದೂ ಕರೆದನು. 1897ರಲ್ಲಿ ಕೇಂಬ್ರಿಜ್‌ನ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿಯುವ ವೇಳೆಗೆ ಹೆಸರುಗಳು ಬೇರೂರಿದ್ದವು. ಆ ಕಣದ ಪಾಲಿಗೆ ಋಣವೆಂಬ ಹೆಸರೇ ಬಂದಿತು. ಒಣಗಿದ ಕೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಬಾಚಿ, ಅದನ್ನು ಕಾಗದದ ಚೂರುಗಳ ಬಳಿ ಹಿಡಿದರೆ ಚೂರುಗಳು ಹಾರಿ ಬಂದು ಅಂಟಿಕೊಳ್ಳುವುದನ್ನು ಯಾರು ನೋಡಿಲ್ಲ? ಅಲ್ಲಿ ಎಲೆಕ್ಟ್ರಾನುಗಳನ್ನು ಪಡೆದ ಬಾಚಣಿಗೆ ಋಣವಾಯಿತು, ಕಳೆದುಕೊಂಡ ಕೂದಲು ಧನವಾಯಿತು. ಪಡೆದವನೇ ಋಣಿ, ಕೊಟ್ಟವನೇ ಧನಿ ಎಂದು ಉಪಾಧ್ಯಾಯರು ಒಂದು ಮಾತು ಹೇಳಿದರೆ, ಆಕಸ್ಮಿಕವಾಗಿ ಬಂದ ಆ ಹೆಸರಿಗೂ ನಮ್ಮ ಭಾಷೆಯಲ್ಲಿ ಅರ್ಥ ಕೂಡುತ್ತದೆ.

ಚಿಹ್ನೆಗಿಂತ ಅದ್ಭುತವಾದುದು ಆ ವಿದ್ಯುತ್ತಿನ ಅಳತೆ. ಷಿಕಾಗೋದಲ್ಲಿ ರಾಬರ್ಟ್ ಮಿಲಿಕನ್, 1909ರಿಂದ ಮೊದಲುಗೊಂಡು, ಎರಡು ಲೋಹದ ಫಲಕಗಳ ನಡುವೆ ಎಣ್ಣೆಯ ತುಂತುರನ್ನು ಹಾಯಿಸಿ, ಬೆಳಕಿನಲ್ಲಿ ನಕ್ಷತ್ರದಂತೆ ಮಿನುಗುವ ಒಂದೊಂದೇ ಹನಿ ಇಳಿಯುವುದನ್ನೂ, ವಿದ್ಯುತ್ತಿನ ಸೆಳೆತಕ್ಕೆ ಮತ್ತೆ ಏರುವುದನ್ನೂ ಪುಟ್ಟ ದೂರದರ್ಶಕದಲ್ಲಿ ಗಂಟೆಗಟ್ಟಲೆ ನೋಡಿದನು. ಹನಿಗಳ ವಿದ್ಯುತ್ತೆಲ್ಲವೂ ಒಂದೇ ಕಿರುಮೊತ್ತದ ಎರಡರಷ್ಟೋ ಮೂರರಷ್ಟೋ ಐದರಷ್ಟೋ ಇತ್ತಲ್ಲದೆ ಒಂದೂವರೆಯಷ್ಟು ಎಂದೂ ಇರಲಿಲ್ಲ. ಆ ಮೊತ್ತವೇ ಎಲೆಕ್ಟ್ರಾನಿನದು. ಇಂದಿನ ಲೆಕ್ಕದಲ್ಲಿ 1.602×10⁻¹⁹ ಕೂಲಂಬ್. ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರವಾದ ಪ್ರೋಟಾನು ಸಹ ಇಷ್ಟನ್ನೇ, ಎದುರು ಚಿಹ್ನೆಯಲ್ಲಿ, ಹೊತ್ತಿರುವುದರಿಂದಲೇ ಮೇಜು, ಕಲ್ಲು, ನಮ್ಮ ಕೈ ಎಲ್ಲವೂ ವಿದ್ಯುತ್ತಿನ ಸುಳಿವಿಲ್ಲದೆ ಶಾಂತವಾಗಿವೆ.

ಇನ್ನು ಕಕ್ಷೆಯ ಮಾತು. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಉಂಟೆಂದು ತೋರಿಸಿದಾಗ, ಸೂರ್ಯನನ್ನು ಗ್ರಹಗಳು ಸುತ್ತುವ ಹೋಲಿಕೆ ತಾನಾಗಿ ಒದಗಿತು. ಆದರೆ ಸುತ್ತುವ ವಿದ್ಯುತ್ಕಣ ಬೆಳಕಿನ ರೂಪದಲ್ಲಿ ಶಕ್ತಿಯನ್ನು ಚೆಲ್ಲಲೇಬೇಕು. ಆ ನಿಯಮದಂತೆ ನಡೆದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ಕಳೆಯುವ ಮೊದಲೇ ಎಲೆಕ್ಟ್ರಾನು ಕೇಂದ್ರಕ್ಕೆ ಬಿದ್ದು, ಲೋಕವೇ ಇಲ್ಲವಾಗಬೇಕು. 1913ರಲ್ಲಿ ನೀಲ್ಸ್ ಬೋರ್, ಕೆಲವು ಕಕ್ಷೆಗಳಲ್ಲಿ ಹಾಗಾಗದೆಂದು ಧೈರ್ಯವಾಗಿ ವಿಧಿಸಿ ಚಿತ್ರವನ್ನು ಉಳಿಸಿದನು. 1926, 1927ರಲ್ಲಿ ಶ್ರೋಡಿಂಗರ್, ಬಾರ್ನ್, ಹೈಸೆನ್‌ಬರ್ಗ್ ಇವರ ವಿಚಾರಗಳ ಮುಂದೆ ಕಕ್ಷೆಯೇ ಕರಗಿತು. ಜಲಜನಕದ ಎಲೆಕ್ಟ್ರಾನು ತನ್ನ ಅತ್ಯಂತ ಕೆಳಗಿನ ಸ್ಥಿತಿಯಲ್ಲಿ ಯಾವ ದಾರಿಯನ್ನೂ ಹಿಡಿದು ಸುತ್ತುವುದಿಲ್ಲ. ಬೆಟ್ಟದ ನೆತ್ತಿಯನ್ನು ಕವಿದ ಮಂಜು ದೂರ ಹೋದಂತೆ ತೆಳುವಾಗುವ ಹಾಗೆ, ಅದು ಸಿಕ್ಕುವ ಸಂಭವ ಎಲ್ಲ ದಿಕ್ಕಿಗೂ ಸಮನಾಗಿ ಹರಡಿರುತ್ತದೆ. ಒಂದು ಮೀಟರನ್ನು ಸಾವಿರ ಕೋಟಿ ಪಾಲು ಮಾಡಿದರೆ, ಅಂಥ ಒಂದು ಪಾಲಿನ 0.53ರಷ್ಟು ದೂರದಲ್ಲಿ ಅದು ಸಿಕ್ಕುವ ಸಂಭವ ಎಲ್ಲಕ್ಕಿಂತ ಹೆಚ್ಚು. ಹುಡುಕಿದಾಗಲಾದರೋ ಸಿಕ್ಕುವುದು ಮಂಜಿನ ತುಣುಕಲ್ಲ, ಇಡಿಯ ಎಲೆಕ್ಟ್ರಾನೇ.

ಇದೆಲ್ಲ ಮಕ್ಕಳಿಗೆ ಎಟುಕದೆಂದು ಹೇಳುವವರುಂಟು. ಸಮೀಕರಣಗಳನ್ನು ಕಲಿಸಿರೆಂದು ನಾನು ಕೇಳುತ್ತಿಲ್ಲ. ವೃತ್ತಗಳನ್ನು ಅಳಿಸಿರೆಂದೂ ಕೇಳುತ್ತಿಲ್ಲ, ಏಕೆಂದರೆ ಅವುಗಳನ್ನು ಏರದೆ ಮುಂದಿನ ಮೆಟ್ಟಿಲಿಗೆ ಕಾಲಿಡುವುದು ಕಷ್ಟ. ಚಿತ್ರವನ್ನು ಬರೆದ ಮೇಷ್ಟರು, ಸೀಮೆಸುಣ್ಣವನ್ನು ಕೆಳಗಿಡುವ ಮುನ್ನ, ಅದರ ಅಡಿಯಲ್ಲಿ 1913 ಎಂದು ಬರೆಯಲಿ. ಆಮೇಲೆ ಏನಾಯಿತೆಂದು ಕೇಳುವ ಮಗುವೊಂದು ಆ ತರಗತಿಯಲ್ಲಿ ಇದ್ದೇ ಇರುತ್ತದೆ.